ಶಶಿಕಲಾಳ ಮೂರನೇ ಅಧ್ಯಾಯ

ಶಶಿಕಲಾ ಕದ್ದು ಬರೆದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತೊಂದು ವರ್ಷದ ಹಿಂದೆ, ಇಂಗ್ಲಿಷ್ ವಿಭಾಗದ ಕೋಣೆಯಲ್ಲಿ, ನಾಲ್ಕು ಜನ ಸಹೋದ್ಯೋಗಿಗಳ ಎದುರು, ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಡುವ ತೊಂದರೆಯನ್ನೂ ತೆಗೆದುಕೊಳ್ಳದೆ, ಅವಳ ಪ್ರಬಂಧದ ಮೂರನೇ ಅಧ್ಯಾಯ ಅವಳದಲ್ಲ ಎಂದು ಹೇಳಿದೆ.

ಅನುಮಾನದಿಂದ ಹೇಳಿದ್ದಲ್ಲ. ಅನುಮಾನ ಮೊದಲು ಬಂದಿತ್ತು. ಅದನ್ನು ತೀರಿಸಿಕೊಳ್ಳಲು ಅವಳ ಮನೆಗೇ ಹೋಗಿದ್ದೆ. ಕಣ್ಣಾರೆ ನೋಡಿ ತೀರಿಸಿಕೊಂಡು ಬಂದಿದ್ದೆ. ಆಮೇಲೆ ಹೇಳಿದ್ದು. ಈ ಅನುಕ್ರಮವನ್ನು ದಯವಿಟ್ಟು ಗಮನಿಸಿ — ಇಲ್ಲದಿದ್ದರೆ ನೀವು ನನ್ನನ್ನು ಕ್ಷಮಿಸಿಬಿಡುವ ಅಪಾಯವಿದೆ. ವಯಸ್ಸಾದ ಹೆಂಗಸು, ಪಾಪ, ಈಗಲಾದರೂ ಹೇಳಿಕೊಂಡಳಲ್ಲ ಅನ್ನುವ ಜನ ಬೇಕಾದಷ್ಟಿದ್ದಾರೆ. ಅಂಥವರು ಇಲ್ಲಿಗೇ ಪುಟ ಮಗುಚಿಕೊಂಡು ಹೋಗಬಹುದು.

ನಾನು ಆರ್.ಟಿ. ನಗರದಲ್ಲಿ ಬೆಳೆದವಳು. ಅಪ್ಪ ಹೈಸ್ಕೂಲು ಮೇಷ್ಟ್ರು. ಅಮ್ಮನ ಕೃಷಿಯೆಂದರೆ ಒಂದು ತುಳಸಿ, ಎರಡು ದಾಸವಾಳದ ಕುಂಡ. ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದೆ. ಅದರಲ್ಲೂ ಒಂದು ಅಮೆರಿಕನ್ ಕಾದಂಬರಿಯನ್ನು ಪಿತ್ರಾರ್ಜಿತ ಆಸ್ತಿಯ ಹಾಗೆ ಯಾರಿಗೂ ಬಿಟ್ಟುಕೊಡದೆ ವರ್ಷವರ್ಷವೂ ನಾನೇ ಪಾಠ ಮಾಡಿದೆ. ಅದರ ಹೆಸರು ಇಲ್ಲಿ ಬೇಡ. ಓದಿದವರಿಗೆ ಗೊತ್ತಾಗುತ್ತದೆ, ಗೈಡು ಓದಿದವರಿಗೆ ಹೇಳಿಯೂ ಪ್ರಯೋಜನವಿಲ್ಲ.

ಕತೆ ಇಷ್ಟು. ಡೆನ್ಮಾರ್ಕಿನಿಂದ ಹಡಗು ಹತ್ತಿದ ಗಂಡ ಹೆಂಡತಿ ಅಮೆರಿಕದ ನಟ್ಟನಡುವಿನ ಹುಲ್ಲುಗಾವಲಿಗೆ ಬಂದು ಇಳಿಯುತ್ತಾರೆ. ಕಣ್ಣು ಹಾಯುವವರೆಗೂ ಹುಲ್ಲು. ಒಂದು ಮರವಿಲ್ಲ, ಒಂದು ಕಲ್ಲಿಲ್ಲ. ಬೇರುಸಮೇತ ಮಣ್ಣಿನ ಹೆಂಟೆ ಕಡಿದು ಅದನ್ನೇ ಪೇರಿಸಿ ಮನೆ ಕಟ್ಟಿಕೊಳ್ಳುತ್ತಾರೆ. ಮಳೆ ಬಂದರೆ ಸೂರು ಕೆಸರಾಗಿ ಸುರಿಯುತ್ತದೆ. ನೇಗಿಲು ಕಾಣದ ಆ ನೆಲವನ್ನು ಮೊದಲ ಸಲ ಸೀಳಿ ಬಿತ್ತಿದ ದಿನದ ವರ್ಣನೆಯಲ್ಲಿ ಒಂದು ವಾಕ್ಯ ಬರುತ್ತದೆ: ಅವನು ಎತ್ತುಗಳ ಹಿಂದೆ ನಡೆದ, ಅವಳು ಅವನ ಹಿಂದೆ ನಡೆದಳು, ದಿನವಿಡೀ, ಒಂದು ಕೈ ಮಡಿಲಲ್ಲಿ, ತಲೆ ಎತ್ತದೆ. ಅಷ್ಟೇ. ಮುಂದಿನ ವಾಕ್ಯದಲ್ಲಿ ಸೂರ್ಯ ಮುಳುಗುತ್ತಾನೆ.

ಆ ಒಂದು ವಾಕ್ಯದ ಮೇಲೆ ನಾನು ಮನೆ ಕಟ್ಟಿದೆ. "ಹಿಂದೆ ನಡೆದವಳು" ಎಂಬ ನನ್ನ ಲೇಖನ. ಹೆಂಡತಿಗೆ ಅಲ್ಲಿ ಸ್ವಂತ ಕೆಲಸವಿಲ್ಲ. ಅವಳು ಗಂಡನ ನೆರಳು. ಮಡಿಲಲ್ಲಿಟ್ಟ ಕೈ ಅವಳ ಖಾಲಿ ಒಡಲಿನ ಸಂಕೇತ. ಬಗ್ಗಿಸಿದ ತಲೆ ಸಾವಿರಾರು ವರ್ಷದ ಅಧೀನತೆಯ ಸಂಕೇತ — ಇತ್ಯಾದಿ. ಸಂಕೇತಗಳಿಗೇನು ಬರ. ಸೆಮಿನಾರುಗಳಲ್ಲಿ ಅದನ್ನು ಓದಿದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಲೇಖನ ಪಠ್ಯದ ಜೊತೆ ಓದಬೇಕಾದ ಪಟ್ಟಿಗೆ ಸೇರಿತು, ಅಲ್ಲಿಂದ ಗೈಡುಗಳಿಗೆ ಇಳಿಯಿತು. ಅದನ್ನು ಬಾಯಿಪಾಠ ಮಾಡಿ ಹತ್ತು ಅಂಕ ತೆಗೆದ ಮಹನೀಯರು ಈಗ ನನ್ನ ಬೀದಿಯಲ್ಲೇ ಮೂರು ಜನ ಇದ್ದಾರೆ.

ಆಗ ವಿಮಾನ ನಿಲ್ದಾಣ ಬರುವುದಿತ್ತು. ಹುಣಸಮಾರನಹಳ್ಳಿ ಕಡೆಯಿಂದ ಬರುತ್ತಿದ್ದ ಹುಡುಗರ ಕೊರಳಲ್ಲಿ ಚಿನ್ನದ ಸರ ಒಂದೊಂದು ಎಳೆ ದಪ್ಪವಾಗುತ್ತಿತ್ತು. ಅವರನ್ನು ಕಂಡರೆ ನನಗೆ ತಾತ್ಸಾರ. ಮುಚ್ಚಿಡುವುದೇನು, ಅದನ್ನು ಬಚ್ಚಿಡುವ ಪ್ರಯತ್ನವನ್ನೂ ನಾನು ಮಾಡುತ್ತಿರಲಿಲ್ಲ. ಹುಲ್ಲುಗಾವಲಿನ ಪಾಠ ಮಾಡುತ್ತಾ ಪುಸ್ತಕ ಮುಚ್ಚಿ, "ಆ ಜನ ಉಗುರಲ್ಲಿ ನೆಲ ಕೆರೆದು ಹೊಲ ಮಾಡಿದ್ರು. ನೀವು ಹೊಲಾನ ಸೈಟ್ ಮಾಡಿ ಮಾರ್ಕೊಂಡ್ರಿ. ಇದೇ ವ್ಯತ್ಯಾಸ, ಬರ್ಕೊಳ್ಳಿ" ಅನ್ನುತ್ತಿದ್ದೆ. ಅವರು ನಗುತ್ತಿದ್ದರು. ಕೆಲವರು ನಿಜವಾಗಿಯೂ ಬರೆದುಕೊಳ್ಳುತ್ತಿದ್ದರು. ಹೀಗೆನ್ನುತ್ತಿದ್ದ ನಾನು ಸಂಜೆ ಹೋಗಿ ಮಲಗುತ್ತಿದ್ದುದು ಕೊಡಿಗೇಹಳ್ಳಿಯ ಒಂದು ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯಲ್ಲಿ. ಅದು ಹಿಂದೆ ಯಾರ ರಾಗಿ ಹೊಲವಾಗಿತ್ತೋ ನಾನು ಕೇಳಿರಲಿಲ್ಲ. ಖಾತೆ ಸರಿಯಿದೆಯೇ ಎಂದಷ್ಟೇ ಕೇಳಿದ್ದೆ.

ಶಶಿಕಲಾ ಆ ಹುಡುಗರ ಊರಿನವಳೇ. ಎಂ.ಎ. ಕೊನೆಯ ವರ್ಷ. ತಲೆಗೆ ಎಣ್ಣೆ ಜಾಸ್ತಿ, ಮಾತು ಕಡಿಮೆ. ಇಂಗ್ಲಿಷ್ ಉಚ್ಚಾರಣೆ ಕೇಳಿದರೆ ನನ್ನ ಹುಬ್ಬು ತಾನಾಗಿ ಮೇಲೇರುತ್ತಿತ್ತು. ಎಬ್ಬಿಸಿ ನಿಲ್ಲಿಸಿ ಒಂದೇ ಪದವನ್ನು ಮೂರು ಸಲ ಹೇಳಿಸಿದ್ದೇನೆ. ಅವಳು ಮೂರು ಸಲವೂ ಹೇಳಿ ಕೂತುಕೊಂಡಿದ್ದಾಳೆ. ಪ್ರಬಂಧಕ್ಕೆ ಇದೇ ಕಾದಂಬರಿಯನ್ನು ಆರಿಸಿಕೊಂಡು, ನನ್ನನ್ನೇ ಮಾರ್ಗದರ್ಶಕಿಯಾಗಿ ಕೇಳಿಕೊಂಡಳು. ನನ್ನ ಲೇಖನವನ್ನು ಹಿಂದುಮುಂದು ಮಾಡಿ ಅರವತ್ತು ಪುಟ ತುಂಬಿಸಿ ತರುತ್ತಾಳೆ ಎಂದುಕೊಂಡೆ. ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಮೂರನೇ ಅಧ್ಯಾಯ ಇಪ್ಪತ್ತೆರಡು ಪುಟ. ಓದಿದೆ. ಅವಳು ಬಹಳ ವಿನಯದಿಂದ, ನನ್ನ ಲೇಖನವನ್ನು ಗೌರವದಿಂದ ಉಲ್ಲೇಖಿಸಿ, ಅದು ತಪ್ಪು ಎಂದು ತೋರಿಸಿದ್ದಳು.

ಹೆಂಡತಿ ಸುಮ್ಮನೆ ಹಿಂದೆ ನಡೆಯುತ್ತಿಲ್ಲ, ಬಿತ್ತುತ್ತಿದ್ದಾಳೆ — ಇದು ಅವಳ ವಾದ. ಮಡಿಲಲ್ಲಿರುವುದು ಬೀಜ. ತಲೆ ಎತ್ತದಿರುವುದು ಕಾಳು ಸಾಲು ತಪ್ಪಬಾರದೆಂದು. ಇದಕ್ಕೆ ಪುರಾವೆ ಕಾದಂಬರಿಯಲ್ಲೇ ಇತ್ತು. ನಾನು ಇಪ್ಪತ್ತು ಸಲ ಓದಿದ್ದ ಕಾದಂಬರಿಯಲ್ಲಿ. ಆರು ಅಧ್ಯಾಯದ ಆಚೆ ಆಲಿಕಲ್ಲು ಬಿದ್ದು ಮೆಕ್ಕೆಜೋಳ ಮಲಗಿಹೋಗುತ್ತದೆ. ನೆಲಕ್ಕೆ ಅಂಟಿಕೊಂಡಿದ್ದ ಹುರುಳಿಕಾಯಿ ಬಳ್ಳಿಗಳು, ಕುಂಬಳದ ಬಳ್ಳಿಗಳು ಮಾತ್ರ ಉಳಿಯುತ್ತವೆ. ಆ ಚಳಿಗಾಲ ಸಂಸಾರ ಬದುಕುವುದು ಅವುಗಳಿಂದ. ಆ ಬಳ್ಳಿಗಳನ್ನು ಯಾರು ಹಾಕಿದರೆಂದು ಕಾದಂಬರಿ ಹೇಳುವುದಿಲ್ಲ. ಗಂಡನಿಗೂ ಆಶ್ಚರ್ಯವಾಗುತ್ತದೆ. ಶಶಿಕಲಾ ಕೇಳಿದ್ದಳು: ಇನ್ಯಾರು ಹಾಕಿರಲು ಸಾಧ್ಯ? ಪುಟದ ಕೆಳಗೆ ಒಂದು ಅಡಿಟಿಪ್ಪಣಿ: ಈ ವಿಷಯವನ್ನು ನನಗೆ ತಿಳಿಸಿದವರು ನನ್ನ ಅಜ್ಜಿ ಪಿಳ್ಳಮ್ಮನವರು.

ಕರೆಸಿ ಕೇಳಿದೆ. ಎಲ್ಲಿಂದ ತಗೊಂಡೆ ಇದನ್ನ?

"ಎಲ್ಲಿಂದಾನೂ ಇಲ್ಲ ಮೇಡಂ. ಕತೆ ಹೇಳ್ತಾ ಇದ್ದೆ ಅಜ್ಜಿಗೆ. ಈ ಲೈನ್ ಹೇಳಿದ ತಕ್ಷಣ ಅಜ್ಜಿನೇ, ಸಡ್ಡೆ ಬಿಡ್ತಾವ್ಳೆ ಅಂತು. ಬೇಕಾದ್ರೆ ಬಂದು ಕೇಳಿ ಮೇಡಂ."

ಬೇಕಾದರೆ ಬಂದು ಕೇಳಿ — ಆ ಸವಾಲನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅದು ಸವಾಲಾಗಿರಲೂ ಇಲ್ಲ, ಮನೆಗೆ ಕರೆದಿದ್ದಳು ಅಷ್ಟೇ. ಮುಂದಿನ ಭಾನುವಾರ ಹುಣಸಮಾರನಹಳ್ಳಿಯ ಬಸ್ಸು ಹತ್ತಿದೆ.

ಹೊಸ ಮನೆ. ಮುಂಭಾಗಕ್ಕೆಲ್ಲ ಗುಲಾಬಿ ಗ್ರಾನೈಟು, ಗೇಟಿನ ಮೇಲೆ ಎರಡು ಸಿಮೆಂಟಿನ ಹಂಸ. ನೋಡಿ ಮನಸ್ಸಿನಲ್ಲೇ ಮೂಗು ಮುರಿದೆ. ಅಜ್ಜಿ ಒಳಗಿನ ಸೋಫಾ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದರು. ಶಶಿಕಲಾ ಪರಿಚಯ ಮಾಡಿಕೊಟ್ಟ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ನನ್ನ ಬಗ್ಗೆ ಅಲ್ಲ.

"ಆ ಎಂಗ್ಸು ಯಾವೂರೋಳು ಮೇಡಮ್ಮಾರೆ? ಅವ್ರ ಸೀಮೇಲೂ ಅಕ್ಕಡಿ ಆಕ್ತಾರಾ? ಎಷ್ಟು ಸಾಲ್ಗೆ ಒಂದು?"

ಕಾದಂಬರಿಯ ಪಾತ್ರವನ್ನು ಪಕ್ಕದ ಬೀದಿಯ ಸೊಸೆಯ ಹಾಗೆ ವಿಚಾರಿಸುತ್ತಿದ್ದಾರಲ್ಲ ಎಂದು ನನಗೆ ನಗು. ಅಕ್ಕಡಿ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಶಶಿಕಲಾ ವಿವರಿಸಿದಳು. ರಾಗಿ ಬಿತ್ತುವಾಗ ಅಷ್ಟಷ್ಟು ಸಾಲಿಗೆ ಒಂದು ಸಾಲು ಅವರೆ, ತೊಗರಿ, ಜೋಳ ಹೀಗೆ ಬೇರೆ ಕಾಳು ಬಿಡುತ್ತಾರೆ, ಅದು ಅಕ್ಕಡಿ. ಗಂಡಸಿನ ಕೈಯಲ್ಲಿ ರಾಗಿ ಬಿತ್ತುವ ಕೂರಿಗೆ. ಅದಕ್ಕೆ ಹಗ್ಗ ಕಟ್ಟಿದ ಒಂದು ಬಿದಿರಿನ ಕೊಳವೆ ಹಿಂದೆ ಬರುತ್ತದೆ, ಅದು ಸಡ್ಡೆ. ಅದರ ಬಾಯಿಗೆ ಕಾಳು ಬಿಡುತ್ತಾ ನಡೆಯುವವಳು ಹೆಂಗಸು.

ಪಿಳ್ಳಮ್ಮನವರಿಗೆ ಮೊಮ್ಮಗಳ ವಿವರಣೆ ಸಾಲಲಿಲ್ಲ. ಎದ್ದರು. ನೀರಿನ ತೊಟ್ಟಿಯ ಹಿಂದೆ ಬಟ್ಟೆ ಹಗ್ಗಕ್ಕೆ ಆಸರೆ ಕೊಟ್ಟಿದ್ದ ಒಂದು ಬಿದಿರನ್ನು ಎಳೆದು ತಂದರು. ಅದೇ ಅವರ ಸಡ್ಡೆ. ಸೆರಗು ಎತ್ತಿ ಕಟ್ಟಿ ಮಡಿಲು ಮಾಡಿಕೊಂಡರು. ಒಳಗಿಂದ ಒಂದು ಹಿಡಿ ಅವರೆಕಾಳು ತರಿಸಿ ಮಡಿಲಿಗೆ ಹಾಕಿಕೊಂಡು, ಆ ಸಿಮೆಂಟಿನ ಅಂಗಳದಲ್ಲಿ ನಡೆಯತೊಡಗಿದರು.

"ನೋಡಿ, ಇಂಗೆ. ಗಂಡ್ಸು ಎತ್ತು ನೋಡ್ಬೇಕು. ನಾವು ಸಡ್ಡೆ ಬಾಯಿ ನೋಡ್ಬೇಕು. ತಲೆ ಎತ್ತುದ್ರೆ ಕಾಳು ಆಚೆಗೆ ಬೀಳ್ತದೆ."

ಗೇಟಿನವರೆಗೆ ಹೋಗಿ ತಿರುಗಿದರು. ಅಂಗಳ ಚಿಕ್ಕದು, ಹನ್ನೆರಡು ಹೆಜ್ಜೆಗೆ ಮುಗಿಯುತ್ತಿತ್ತು. ತಲೆ ಬಗ್ಗಿತ್ತು. ಒಂದು ಕೈ ಮಡಿಲಲ್ಲಿ. ಎರಡು ಬೆರಳ ನಡುವಿನಿಂದ ಕಾಳುಗಳು ಒಂದೇ ಅಂತರದಲ್ಲಿ ಕೊಳವೆಯೊಳಗೆ ಬಿದ್ದು ಸಿಮೆಂಟಿನ ಮೇಲೆ ಟಪ್ ಟಪ್ ಎಂದು ಪುಟಿದವು. ಮತ್ತೆ ನನ್ನ ಕಡೆ ಬರುತ್ತಾ ಹೇಳಿದರು —

"ದೂರ್ದಿಂದ ನೋಡ್ದೋರ್ಗೆ ಸುಮ್ನೆ ಇಂದಿಂದೆ ಓಗ್ತಾವ್ಳೆ ಅನ್ಸ್ತದೆ. ರಾಗಿ ಕೈಕೊಟ್ಟ ವರ್ಸ ಮನೆ ನಡ್ಸಿದ್ದು ನಮ್ ಸಾಲೇಯ."

ಊಟಕ್ಕೆ ಕೂರಿಸಿದರು. ಮುದ್ದೆ, ಅವರೆಕಾಳಿನ ಸಾರು. ಅಸಿಡಿಟಿ ಎಂದು ಸುಳ್ಳು ಹೇಳಿ ಅರ್ಧ ಬಿಟ್ಟು ಎದ್ದೆ. ಆ ಅಜ್ಜಿ ನನ್ನ ತಟ್ಟೆ ನೋಡಿ, ಮುಂದಿನ ಸಲ ಅನ್ನವನ್ನೇ ಮಾಡಿಸುತ್ತೇನೆ ಎಂದರು. ಮುಂದಿನ ಸಲ.

ಬಸ್ಸಿನಲ್ಲಿ ನನಗೆ ಸಂತೋಷವಾಗಬೇಕಿತ್ತು, ಅಲ್ಲವೇ? ಪ್ರೀತಿಸಿ ಪಾಠ ಮಾಡುತ್ತಿದ್ದ ಪುಸ್ತಕದ ಬೀಗದ ಕೈ ಒಂದು ಸಿಕ್ಕಿತ್ತು. ಹೆಂಗಸರ ಪರ ಇಷ್ಟುದ್ದ ಬರೆದವಳು, ಒಬ್ಬ ಹೆಂಗಸಿನ ಕೆಲಸ ಕಣ್ಣಿಗೆ ಬಿದ್ದಾಗ... ಇಲ್ಲ. ಯಲಹಂಕ ದಾಟುವವರೆಗೂ ನನ್ನೊಳಗೆ ಇದ್ದದ್ದು ಒಂದೇ: ಸಿಟ್ಟು. ಇವರಿಂದಲೇ? ಈ ಸಿಮೆಂಟಿನ ಹಂಸದವರಿಂದಲೇ ನಾನು ತಿದ್ದಿಸಿಕೊಳ್ಳಬೇಕೆ? ಇನ್ನು ಮೂರು ವಾರಕ್ಕೆ ಒಂದು ದೊಡ್ಡ ವಿಚಾರ ಸಂಕಿರಣವಿತ್ತು; ನಾನು "ಹಿಂದೆ ನಡೆದವಳು" ಓದುವುದಿತ್ತು. ಇದು ಕಾರಣ, ಸಮಜಾಯಿಷಿ ಅಲ್ಲ. ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಮಂಗಳವಾರ ವಿಭಾಗದ ಸಭೆ. ಮುಖ್ಯಸ್ಥರು ಒಬ್ಬೊಬ್ಬರ ಪ್ರಬಂಧದ ಬಗ್ಗೆ ಕೇಳುತ್ತಾ ಬಂದರು. ಶಶಿಕಲಾಳ ಹೆಸರು ಬಂತು.

"ಮೂರನೇ ಚಾಪ್ಟರ್ ಅವಳದಲ್ಲ ಸಾರ್. ಎಲ್ಲಿಂದಲೋ ಎತ್ತಿದಾಳೆ."

"ಎಲ್ಲಿಂದ?"

"ಹುಡುಕ್ತಾ ಇದೀನಿ. ಆದ್ರೆ ಆ ಹುಡುಗಿ ತಲೆಯಿಂದ ಬರೋಂಥದ್ದಲ್ಲ, ನೋಡಿದ್ರೇ ಗೊತ್ತಾಗುತ್ತೆ."

ನೋಡಿದರೇ ಗೊತ್ತಾಗುತ್ತದೆ. ನಾಲ್ಕೂ ಜನ ತಲೆಯಾಡಿಸಿದರು. ಪುರಾವೆ ಯಾರೂ ಕೇಳಲಿಲ್ಲ. ಆ ಊರು, ಆ ಎಣ್ಣೆ ತಲೆ, ಆ ಉಚ್ಚಾರಣೆ — ಅವೇ ಪುರಾವೆ ಅವರಿಗೆ. ನನ್ನ ತಾತ್ಸಾರ ನನ್ನೊಬ್ಬಳದಲ್ಲ ಎಂದು ಗೊತ್ತಿದ್ದೇ ನಾನು ಆ ಮಾತು ಆರಿಸಿದ್ದು. ಆ ಕೋಣೆಯಲ್ಲಿ ಅದೇ ಚಲಾವಣೆಯಲ್ಲಿತ್ತು. ಆ ನಾಲ್ವರನ್ನು ನಾನು ಇಂದಿಗೂ ಕೀಳಾಗಿ ಕಾಣುತ್ತೇನೆ. ನನ್ನ ಮಾತು ನಂಬಿದರೆಂಬ ಒಂದೇ ಕಾರಣಕ್ಕೆ.

ಅಧ್ಯಾಯ ತೆಗೆದುಹಾಕಿ, ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಪ್ರಬಂಧವನ್ನು ಮತ್ತೆ ಸಲ್ಲಿಸಬೇಕು ಎಂದು ತೀರ್ಮಾನವಾಯಿತು. ಅವಳನ್ನು ಕರೆಸಿದರು. ಓದಿ ನೋಡಿ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು.

"ಇದಕ್ಕೆ ಸೈನ್ ಹಾಕಿದ್ರೆ ನಮ್ಮಜ್ಜಿ ಹೇಳಿದ್ದು ಸುಳ್ಳು ಅಂತಾಗುತ್ತೆ ಸಾರ್." ಆಮೇಲೆ ನನ್ನ ಕಡೆ ತಿರುಗಿದಳು. "ಮೇಡಂ, ನೀವು ಬಂದು ನೋಡಿದ್ರಲ್ಲ."

ಎಲ್ಲರೂ ನನ್ನನ್ನು ನೋಡಿದರು. ಆಗಲೂ — ಆಗಲೂ ಸಾಧ್ಯವಿತ್ತು. ಹೌದು ಎಂಬ ಎರಡಕ್ಷರ.

"ಏನ್ ನೋಡಿದ್ದು?" ಎಂದೆ.

ಅವಳು ಅಳಲಿಲ್ಲ. ಬ್ಯಾಗು ತೆಗೆದುಕೊಂಡು ಹೋದಳು. ಸಹಿ ಹಾಕಲಿಲ್ಲ, ಮತ್ತೆ ಸಲ್ಲಿಸಲಿಲ್ಲ, ಎಂ.ಎ. ಮುಗಿಯಲಿಲ್ಲ. ಊರ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಅವಳಿಗೆ ಉಪನ್ಯಾಸಕಿಯ ಕೆಲಸ ಮಾತಾಗಿತ್ತಂತೆ, ಅದು ಹೋಯಿತು. ಮರುವರ್ಷ ಮದುವೆ ಮಾಡಿದರು. ಅಜ್ಜಿ ತೀರಿಕೊಂಡ ಸುದ್ದಿಯೂ ಯಾವಾಗಲೋ ಕಿವಿಗೆ ಬಿತ್ತು. ಕೇಳಿ ಉತ್ತರಪತ್ರಿಕೆ ತಿದ್ದುವುದನ್ನು ಮುಂದುವರಿಸಿದೆ.

ಸಂಕಿರಣದಲ್ಲಿ ಲೇಖನ ಓದಿದೆ. ಚಪ್ಪಾಳೆ ಬಿತ್ತು. ಆಮೇಲೂ ಹದಿನಾರು ವರ್ಷ ಅದೇ ಪಾಠ. ತಪ್ಪೆಂದು ಗೊತ್ತಿದ್ದ ಪಾಠ. ಆ ವಾಕ್ಯ ಬಂದಾಗಲೆಲ್ಲ ಸಿಮೆಂಟಿನ ಮೇಲೆ ಕಾಳು ಪುಟಿಯುವ ಸದ್ದು ಕೇಳುತ್ತಿತ್ತು. ಪಶ್ಚಾತ್ತಾಪವೆಂದು ತಿಳಿಯಬೇಡಿ, ನನಗೆ ಕಿರಿಕಿರಿ ಆಗುತ್ತಿತ್ತು. ದನಿ ಎತ್ತರಿಸಿ, "ಅಧೀನತೆಯ ಸಂಕೇತ, ಅಂಡರ್‌ಲೈನ್ ಮಾಡ್ಕೊಳ್ಳಿ" ಎಂದು ಮುಂದೆ ಹೋಗುತ್ತಿದ್ದೆ.

ನಿವೃತ್ತಿಯಾಗಿ ಐದು ವರ್ಷ. ಕಳೆದ ಡಿಸೆಂಬರಿನಲ್ಲಿ ಪಿಂಚಣಿಯ ಯಾವುದೋ ಕಾಗದ ಜೆರಾಕ್ಸ್ ಮಾಡಿಸಬೇಕಿತ್ತು. ಕೊಡಿಗೇಹಳ್ಳಿಯ ಹಳೇ ಊರಿನ ಒಳಗೆ ಒಂದು ಸಣ್ಣ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ಒಬ್ಬ ಹೆಂಗಸು ತಲೆ ಬಗ್ಗಿಸಿ ಕೂತಿದ್ದಳು, ಕೈ ಮಡಿಲಲ್ಲಿ. ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡು, ಇವರ ಅಂಗಡಿಗಳೇ ಇಷ್ಟು ಎಂದು ಬೈದುಕೊಂಡೆ. ಹತ್ತಿರ ಹೋದರೆ ಮಡಿಲಲ್ಲಿ ಅವರೆಕಾಯಿ. ಸುಲಿಯುತ್ತಿದ್ದಳು. ತಲೆ ಎತ್ತಿದಳು.

"ಚೆನ್ನಾಗಿದೀರಾ ಮೇಡಂ?" ಎಂದಳು ಶಶಿಕಲಾ.

ಮದುವೆಯಾಗಿ ಬಂದದ್ದು ಇಲ್ಲಿಗೇ. ಇಪ್ಪತ್ತು ವರ್ಷದಿಂದ ನನ್ನ ಮನೆಗೆ ಮೂರು ಬೀದಿ ಆಚೆ ಇದ್ದಾಳೆ. ನಾನು ಹಳೇ ಊರಿನ ಕಡೆ ಕಾಲಿಡುತ್ತಿರಲಿಲ್ಲ, ಹಾಗಾಗಿ ನೋಡಿರಲಿಲ್ಲ. ಅವಳು ನನ್ನನ್ನು ಎಷ್ಟೋ ಸಲ ನೋಡಿದ್ದಾಳಂತೆ.

ಪಕ್ಕದ ಸ್ಟೂಲಿನ ಮೇಲೆ ಮಗಳು, ಬಿ.ಎ. ಎರಡನೇ ವರ್ಷ, ಗೈಡು ಹಿಡಿದುಕೊಂಡು ಕೂತಿದ್ದಳು. ಶಶಿಕಲಾ ನನ್ನ ಹೆಸರು ಹೇಳಿದ್ದೇ ಎದ್ದು ನಿಂತಳು. "ಮೇಡಂ, ನಿಮ್ ಆರ್ಟಿಕಲ್ ನಮಗೆ ಇದೆ. ಫುಲ್ ಬೈಹಾರ್ಟ್." ಎಂದು, ನಾನು ಬೇಡ ಎನ್ನುವ ಮೊದಲೇ ಶುರು ಮಾಡಿದಳು. ಗಂಡನ ಹಿಂದೆ ನಡೆಯುವ ಆ ಹೆಂಗಸಿಗೆ ಸ್ವಂತ ಕೆಲಸವಿಲ್ಲ, ಅವಳು ಕೇವಲ ನೆರಳು... ಒಂದು ಪದವೂ ತಪ್ಪಲಿಲ್ಲ. ಉಚ್ಚಾರಣೆ ಸ್ವಚ್ಛ. ಪಿಳ್ಳಮ್ಮನವರ ಮರಿಮಗಳು.

ಶಶಿಕಲಾ ಸುಲಿಯುತ್ತಲೇ ಇದ್ದಳು. ಮಗಳು ಮಷೀನಿನ ಕಡೆ ನನ್ನ ಕಾಗದ ತೆಗೆದುಕೊಂಡು ಹೋದಾಗ ನಾನು ಕೇಳಿದೆ — ಯಾಕೆ ಕೇಳಿದೆನೋ, ಬಾಯಿ ಮುಚ್ಚಿಕೊಂಡು ಬರಬಹುದಿತ್ತು — "ಅಜ್ಜಿ ವಿಷಯ ಅವಳಿಗೆ ಹೇಳ್ಲಿಲ್ವಾ?"

"ಹೇಳಿದೀನಿ ಮೇಡಂ. ಚಿಕ್ಕೋಳಿದ್ದಾಗಿಂದ ಗೊತ್ತು ಅವ್ಳಿಗೆ." ಒಂದು ಕಾಯಿ ಬಿಡಿಸಿ ಕಾಳನ್ನು ಪಾತ್ರೆಗೆ ಹಾಕಿದಳು. "ಎಕ್ಸಾಮಲ್ಲಿ ಬರೀಬೇಡ ಅಂದಿದೀನಿ. ಮೇಡಂದೇ ಬರಿ ಅಂತ. ಇಲ್ಲಾಂದ್ರೆ ಎಲ್ಲಿಂದ ಕಾಪಿ ಹೊಡ್ದೆ ಅಂತಾರೆ."

ಚುಚ್ಚುವ ದನಿಯಲ್ಲಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದಕ್ಕೆ ಉತ್ತರ ಕೊಡುವುದರಲ್ಲಿ ನಾನು ಗಟ್ಟಿಗಿತ್ತಿ. ಅವಳು ಮಗಳಿಗೆ ಹೆಲ್ಮೆಟ್ ಹಾಕ್ಕೊಂಡು ಹೋಗು ಎನ್ನುವಷ್ಟು ಸಹಜವಾಗಿ ಹೇಳಿದಳು. ನಾನು ಒಂದು ದಿನ ಒಂದು ಮಾತು ಆಡಿ ಕೈ ತೊಳೆದುಕೊಂಡಿದ್ದೆ. ಅದು ಇಲ್ಲಿ, ಮೂರು ಬೀದಿ ಆಚೆ, ಒಂದು ಮನೆಯ ಬುದ್ಧಿವಾದವಾಗಿ ಬೆಳೆದಿತ್ತು. ಗೊತ್ತಿರುವುದನ್ನು ಬರೆಯಬೇಡ. ಗೊತ್ತಿಲ್ಲದವಳು ಬರೆದದ್ದನ್ನು ಬರಿ.

ಮನೆಗೆ ಬಂದು ಬೀರುವಿನ ಅಡಿಯಿಂದ ಅವಳ ಪ್ರಬಂಧ ತೆಗೆದೆ. ಹೌದು, ಇಟ್ಟುಕೊಂಡಿದ್ದೆ, ಎಸೆಯುವ ಧೈರ್ಯವೂ ಇರಲಿಲ್ಲ. ಮತ್ತೆ ಓದಿದೆ. ಒಂದು ತಿಂಗಳು ಏನೂ ಮಾಡಲಿಲ್ಲ. ಆಮೇಲೆ ವಿಭಾಗಕ್ಕೆ, ಲೇಖನ ಅಚ್ಚು ಹಾಕಿದ ಪತ್ರಿಕೆಗೆ, ಪಠ್ಯ ಸಮಿತಿಗೆ ಒಂದೊಂದು ಪತ್ರ ಬರೆದೆ: ನನ್ನ ಲೇಖನ ತಪ್ಪು, ಪಟ್ಟಿಯಿಂದ ತೆಗೆಯಿರಿ, ಶಶಿಕಲಾ ಮೇಲೆ ನಾನು ಹೊರಿಸಿದ ಆರೋಪ ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಹೊರಿಸಿದ್ದು. ವಿಭಾಗದಿಂದ ಫೋನು ಬಂತು. ಹಳೇ ವಿಷಯ, ಈಗ ಯಾಕೆ ಮೇಡಂ, ನಿಮ್ಮ ಹೆಸರು ಕೆಡುತ್ತದೆ ಎಂದರು. ಕೆಡಲಿ ಎಂದೇ ಬರೆದದ್ದು ಎಂದೆ. ಉಳಿದ ಎರಡು ಕಡೆಯಿಂದ ಇನ್ನೂ ಉತ್ತರವಿಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪತ್ರಗಳ ಪ್ರತಿ ತೆಗೆದುಕೊಂಡು ಅಂಗಡಿಗೆ ಹೋದೆ. ಶಶಿಕಲಾ ನಿಂತೇ ಓದಿದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಮೂರನೇ ಅಧ್ಯಾಯವನ್ನು ಇದರ ಜೊತೆ ಅಚ್ಚು ಹಾಕಿಸಲು ಒಪ್ಪಿಗೆಯೇ ಎಂದಷ್ಟೇ ಕೇಳಿದೆ.

"ಅಜ್ಜಿ ಹೆಸ್ರು ಅಡಿಟಿಪ್ಪಣೀಲಿ ಬೇಡ ಮೇಡಂ," ಎಂದಳು. "ಮೇಲೆ ಹಾಕ್ಸಿ."

ಹಾಗೇ ಹಾಕಿಸಿದ್ದೇನೆ. ಮುಂದಿನ ಪುಟದಿಂದ ಶುರುವಾಗುತ್ತದೆ.

ಈ ಸಲ ಪರೀಕ್ಷೆ ಬರೆಯುವವರಿಗೆ ಕೊನೆಯ ಮಾತು. ಆ ಹೆಂಗಸು ಹಿಂದೆ ನಡೆಯುತ್ತಿರಲಿಲ್ಲ, ಬಿತ್ತುತ್ತಿದ್ದಳು. ಇದನ್ನೇ ಬರೆಯಿರಿ. ಎಲ್ಲಿಂದ ಕಾಪಿ ಹೊಡೆದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸಿ. ಏನು ನೋಡಿದ್ದು ಎಂದು ಅವರೂ ಕೇಳಲಿ. ಈ ಸಲ ಹೇಳುತ್ತೇನೆ.